ಲೆಕ್ಕಕ್ಕುಂಟು, ಆಟಕ್ಕಿಲ್ಲ

ಹೋದ ಬೇಸಿಗೆಯಲ್ಲಿ ಧರ್ಮಪುರದ ನಮ್ಮ ಮನೆಯ ಜಗುಲಿಯ ಮೇಲೆ ಎರಡು ಆಟಗಳು ಒಟ್ಟಿಗೆ ನಡೆಯುತ್ತಿದ್ದವು. ಒಂದು ಮೂಲೆಯಲ್ಲಿ ಅಜ್ಜಿ ಮತ್ತು ಪಕ್ಕದ ಮನೆಯವರು ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದುಕೊಂಡು ಕೂತಿದ್ದರು. ಇನ್ನೊಂದು ಮೂಲೆಯಲ್ಲಿ ರಜೆಗೆ ಬೆಂಗಳೂರಿನಿಂದ ಬಂದ ಹುಡುಗರಿಬ್ಬರು ಮಾಂತ್ರಿಕರು, ರಾಕ್ಷಸರು, ಡ್ರ್ಯಾಗನ್ನುಗಳ ಚಿತ್ರವಿರುವ ಕಾರ್ಡುಗಳನ್ನು ಹರಡಿಕೊಂಡಿದ್ದರು. ಸ್ವಲ್ಪ ಹೊತ್ತಿಗೆ ಹುಡುಗರ ಮೂಲೆಯಲ್ಲಿ ಜಗಳ ಶುರುವಾಯಿತು. "ಆ ಕಾರ್ಡು ಆಟದಿಂದಲೇ ಹೊರಗೆ ಹೋಗಿದೆ, ಮತ್ತೆ ಹೇಗೆ ಆಡ್ತೀಯ?" ಎಂದು ಒಬ್ಬ. "ಹೊರಗಿರೋ ಕಾರ್ಡು ತಗೋಬಹುದು ಅಂತ ಇದರಲ್ಲೇ ಬರೆದಿದೆ ನೋಡು" ಎಂದು ಇನ್ನೊಬ್ಬ. ಗಲಾಟೆ ಜೋರಾದಾಗ ಅಜ್ಜಿ ಕವಡೆ ಕೆಳಗಿಟ್ಟು ಕೇಳಿದರು: "ಅದು ಸತ್ತಿದ್ದೋ, ಕಡಿದಿದ್ದೋ? ಮೊದಲು ಅದನ್ನ ಹೇಳ್ರಪ್ಪ."

ಹುಡುಗರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನಗೂ ಪೂರ್ತಿ ಅರ್ಥವಾಗಿದ್ದು ಆಮೇಲೆ. ಆಟದಿಂದ ಹೊರಗೆ ಹೋದದ್ದು ಎಲ್ಲಿಗೆ ಹೋಗುತ್ತದೆ, ಮತ್ತೆ ಬರುತ್ತದೆಯೇ, ಬಂದರೆ ಯಾವ ಷರತ್ತಿನ ಮೇಲೆ ಬರುತ್ತದೆ ಎಂಬ ವಿಚಾರವನ್ನು ಅಜ್ಜಿ ಎರಡು ಕ್ರಿಯಾಪದಗಳಲ್ಲಿ ವಿಂಗಡಿಸಿಬಿಟ್ಟಿದ್ದರು. ಹುಲಿ-ಕುರಿ ಆಟದಲ್ಲಿ ಕುರಿ ಸಾಯುತ್ತದೆ. ಚೌಕಾಬಾರದಲ್ಲಿ ಕಾಯಿಯನ್ನು ಕಡಿಯುತ್ತಾರೆ. ಸತ್ತದ್ದು ಬರುವುದಿಲ್ಲ, ಕಡಿದದ್ದು ಬರುತ್ತದೆ. ಆಟಗಳ ಚರಿತ್ರೆ ಬರೆಯುವವರು ಹಾಸು, ದಾಳ, ಕಾಯಿಗಳ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಹೊರಗೆ ಹೋದ ಕಾಯಿಯ ಬಗ್ಗೆ ಬರೆದದ್ದು ಕಡಿಮೆ. ಆದರೆ ಒಂದು ಆಟದ ಸ್ವಭಾವ ತಿಳಿಯಬೇಕಾದರೆ ನೋಡಬೇಕಾದ್ದು ಆ ನಿಯಮವನ್ನೇ ಎಂದು ನನಗೀಗ ಅನ್ನಿಸುತ್ತಿದೆ.

ಹುಡುಗರ ಜಗಳ ಹೊಸದಲ್ಲ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ 'ಮ್ಯಾಜಿಕ್: ದ ಗ್ಯಾದರಿಂಗ್' ಈ ಬಗೆಯ ಕಾರ್ಡಾಟಗಳಿಗೆಲ್ಲ ಮೂಲ. ಅದರಲ್ಲಿ ಸತ್ತ ಪ್ರಾಣಿಯ ಕಾರ್ಡು 'ಗ್ರೇವ್‌ಯಾರ್ಡ್'ಗೆ, ಅಂದರೆ ಸ್ಮಶಾನಕ್ಕೆ, ಹೋಗುತ್ತದೆ. ಆದರೆ ಮಾಂತ್ರಿಕರ ಆಟವಾದ್ದರಿಂದ ಸ್ಮಶಾನದಿಂದ ಎಬ್ಬಿಸಿ ತರುವ ಕಾರ್ಡುಗಳೂ ಮೊದಲ ದಿನದಿಂದಲೇ ಇದ್ದವು. ಹೀಗೆ ಸಾವೇ ಕೊನೆಯಲ್ಲ ಎಂದಾದ ಮೇಲೆ ನಿಜವಾದ ಕೊನೆಯೊಂದು ಬೇಕಾಯಿತು. ಅದಕ್ಕಾಗಿ ಕೆಲವು ಕಾರ್ಡುಗಳು ಎದುರಾಳಿಯ ಪ್ರಾಣಿಯನ್ನು 'ಆಟದಿಂದಲೇ ತೆಗೆದುಹಾಕು' ಎಂದು ಹೇಳಿದವು. ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಮುಗಿಯಲಿಲ್ಲ. 2002ರಲ್ಲಿ ಬಂದ 'ವಿಶ್' ಎಂಬ ಹೆಸರಿನ ಕಾರ್ಡುಗಳು 'ಆಟದ ಹೊರಗಿರುವ ನಿನ್ನ ಕಾರ್ಡೊಂದನ್ನು ತೆಗೆದುಕೋ' ಎಂದವು. ತೆಗೆದುಹಾಕಿದ ಕಾರ್ಡು ಆಟದ ಹೊರಗೇ ತಾನೆ ಇರುವುದು? ಹಾಗಾಗಿ ಅದನ್ನೂ ತರಬಹುದು ಎಂದು ಆಗಿನ ನಿಯಮ ಒಪ್ಪಿತು. 2009ರಲ್ಲಿ ಕಂಪನಿಯವರು ಆ ಜಾಗದ ಹೆಸರನ್ನೇ ಬದಲಾಯಿಸಿ 'ಎಕ್ಸೈಲ್' ಎಂದರು. ನಮ್ಮ ಮಾತಿನಲ್ಲಿ ಅದು ಗಡೀಪಾರು ಅಥವಾ ವನವಾಸ. ಗಡೀಪಾರಾದವನು ಆಟದ ಹೊರಗಿನವನಲ್ಲ, ಆಟದೊಳಗಿನ ಒಂದು ದೂರದ ಜಾಗದಲ್ಲಿರುವವನು. ಆದ್ದರಿಂದ ಹೊರಗಿನದನ್ನು ತರುವ ಕಾರ್ಡು ಅವನನ್ನು ಮುಟ್ಟುವಂತಿಲ್ಲ. ಒಂದು ಹೆಸರು ಬದಲಾದದ್ದಕ್ಕೆ ಏಳು ವರ್ಷ ನಡೆದುಬಂದ ದಾರಿ ಮುಚ್ಚಿಹೋಯಿತು. ನಮ್ಮ ಜಗುಲಿಯ ಹುಡುಗರಲ್ಲಿ ಒಬ್ಬ ಹಳೆಯ ನಿಯಮದವನು, ಇನ್ನೊಬ್ಬ ಹೊಸ ನಿಯಮದವನು, ಅಷ್ಟೆ.

ಇಂಥ ಪ್ರಶ್ನೆಗೆ ನಮ್ಮ ಜಗುಲಿಯ ಆಟಗಳು ಬಹಳ ಹಿಂದೆಯೇ ಬೇರೆ ಬೇರೆ ಉತ್ತರ ಕಂಡುಕೊಂಡಿದ್ದವು. ಮೊದಲು ಹುಲಿ-ಕುರಿಯನ್ನೇ ನೋಡೋಣ. ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ ಮೂರು ಹುಲಿ, ಹದಿನೈದು ಕುರಿ. ಕುರಿಯವರು ಒಂದೊಂದೇ ಕುರಿಯನ್ನು ಹಾಸಿಗೆ ಇಳಿಸಬೇಕು, ಅಷ್ಟೂ ಇಳಿಯುವವರೆಗೆ ಯಾವ ಕುರಿಯೂ ನಡೆಯುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೂ ನಡೆಯಬಹುದು, ಕುರಿಯ ಆಚೆಯ ಮನೆ ಖಾಲಿಯಿದ್ದರೆ ಹಾರಿ ಕೊಲ್ಲಬಹುದು. ಸತ್ತ ಕುರಿ ಸತ್ತಿತು. ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ ಎನ್ನುವುದನ್ನು ಆಟಕ್ಕೆ ಕೂರುವ ಮೊದಲೇ ಮಾತಾಡಿಕೊಳ್ಳುತ್ತಾರೆ. ಈ ಆಟದಲ್ಲಿ ಹಾಸಿನ ಪಕ್ಕದಲ್ಲಿ ಎರಡು ಗುಂಪು ಕಲ್ಲುಗಳಿರುತ್ತವೆ. ಒಂದು, ಇನ್ನೂ ಇಳಿಯದ ಕುರಿಗಳು. ಇನ್ನೊಂದು, ಸತ್ತ ಕುರಿಗಳು. ನೋಡುವವರಿಗೆ ಎರಡೂ ಒಂದೇ ಥರ. ಆಡುವವರಿಗೆ ಮಾತ್ರ ಇದು ಬರಬೇಕಾದ ಮಂದೆ, ಅದು ಹೋದ ಮಂದೆ ಎಂದು ಗೊತ್ತು. ಕುರಿ ಸಾಕುವ ನಮ್ಮ ಕಡೆಯ ಬಯಲುಸೀಮೆಯಲ್ಲಿ ಸತ್ತ ಕುರಿ ಎದ್ದು ಬರುತ್ತದೆ ಎಂಬ ನಿಯಮವನ್ನು ಯಾರಾದರೂ ಮಾಡಿದ್ದರೆ ನಗುತ್ತಿದ್ದರೋ ಏನೋ.

ಚೌಕಾಬಾರದ ಲೋಕ ಬೇರೆ. ಐದು ಸಾಲು, ಐದು ಅಂಕಣ, ಒಟ್ಟು ಇಪ್ಪತ್ತೈದು ಮನೆ. ಹೊರಸುತ್ತಿನಲ್ಲಿ ಹದಿನಾರು, ಒಳಸುತ್ತಿನಲ್ಲಿ ಎಂಟು, ನಡುವೆ ಒಂದು. ನಾಲ್ಕು ಕವಡೆ, ಕವಡೆ ಇಲ್ಲದಿದ್ದರೆ ಸೀಳಿದ ಹುಣಸೆ ಬೀಜ. ಕಾಯಿಗೆ ಬಳೆಚೂರು, ಹೊಂಗೆ ಬೀಜ, ಕಲ್ಲುಹರಳು, ಸಿಕ್ಕಿದ್ದು. ಕಾಯಿ ಹೊರಸುತ್ತು ಮುಗಿಸಿ ಒಳಸುತ್ತು ಹೊಕ್ಕು ನಡುಮನೆ ಸೇರಿದರೆ 'ಹಣ್ಣಾಯಿತು' ಎನ್ನುತ್ತೇವೆ. ಕಾಯಿ ಹಣ್ಣಾಗುವುದು ಎಂಬ ಈ ಮಾತನ್ನು ದಿನಾ ಬಳಸುವ ನಮಗೆ ಅದರ ಸೊಗಸು ತಟ್ಟುವುದಿಲ್ಲ. ಆದರೆ ಹಣ್ಣಾಗುವ ಮೊದಲು ಎದುರಾಳಿ ಅದೇ ಮನೆಗೆ ಬಂದರೆ, ಅದು ಕಟ್ಟೆಮನೆಯಲ್ಲದಿದ್ದರೆ, ಕಾಯಿಯನ್ನು ಕಡಿಯುತ್ತಾರೆ. ಕಡಿದ ಕಾಯಿ ತನ್ನ ಮನೆಗೆ ಹೋಗಿ ಮತ್ತೆ ಮೊದಲಿನಿಂದ ಹೊರಡಬೇಕು. ಒಳಸುತ್ತಿಗೆ ಇನ್ನೊಂದೇ ಹೆಜ್ಜೆ ಇದೆ ಎನ್ನುವಾಗ ಕಡಿಸಿಕೊಂಡರೆ ಹದಿನೈದು ಮನೆಯ ನಡಿಗೆ ವ್ಯರ್ಥ. ಹೋದದ್ದು ಕಾಯಿಯಲ್ಲ, ಅದು ನಡೆದ ದಾರಿ.

ಇದಕ್ಕೆ ಜೋಡಿಯಾಗಿ ಇನ್ನೊಂದು ನಿಯಮವನ್ನೂ ಎಷ್ಟೋ ಮನೆಗಳಲ್ಲಿ ಇಟ್ಟುಕೊಂಡಿದ್ದಾರೆ. ಒಂದಾದರೂ ಕಾಯಿ ಕಡಿಯದೆ ಯಾರೂ ಒಳಸುತ್ತಿಗೆ ಹೋಗುವಂತಿಲ್ಲ. ಯಾರನ್ನೂ ನೋಯಿಸದೆ ಗೆಲ್ಲುವ ದಾರಿ ಇಲ್ಲ, ಆದರೆ ನೋಯಿಸಿದರೂ ಯಾರೂ ಸಾಯುವುದಿಲ್ಲ. ಒಂದೇ ಮನೆಯೊಳಗೆ, ದಿನವೂ ಮುಖ ನೋಡಬೇಕಾದ ಅತ್ತೆ, ಸೊಸೆ, ನಾದಿನಿ, ಓರಗಿತ್ತಿಯರು ಕೂತು ಆಡುವ ಆಟಕ್ಕೆ ಇದು ಒಪ್ಪುವ ನಿಯಮ. ಕಡಿದವರ ಮೇಲೆ ಸಿಟ್ಟು ಬರುತ್ತದೆ, ಆದರೆ ಮುಂದಿನ ಗರಕ್ಕೆ ಕಾಯಿ ಮತ್ತೆ ಹೊರಟಿರುತ್ತದೆ.

ಮೂರನೆಯ ಉತ್ತರ ಅಳಗುಳಿ ಮಣೆಯದು. ಎರಡು ಸಾಲು, ಸಾಲಿಗೆ ಏಳು ಗುಳಿ. ಬೀಜ ಹಂಚುತ್ತಾ ಹೋಗಿ ಖಾಲಿ ಗುಳಿ ಸಿಕ್ಕಾಗ ಅದರಾಚೆಯ ಗುಳಿಯ ಬೀಜಗಳನ್ನು ಗೆದ್ದುಕೊಳ್ಳುತ್ತಾರೆ. ಗೆದ್ದ ಬೀಜ ಆ ಸುತ್ತಿನ ಮಟ್ಟಿಗೆ ಆಟದಿಂದ ಹೊರಗೆ. ಸುತ್ತು ಮುಗಿದ ಮೇಲೆ ಅವೇ ಬೀಜಗಳಿಂದ ತಮ್ಮ ತಮ್ಮ ಗುಳಿ ತುಂಬಬೇಕು. ಕಡಿಮೆ ಗೆದ್ದವರಿಗೆ ತುಂಬಲಾಗದ ಗುಳಿಗಳು ಉಳಿಯುತ್ತವೆ, ಅವು ಮುಂದಿನ ಸುತ್ತಿನಲ್ಲಿ ಹಾಳುಬಿದ್ದ ಹೊಲದಂತೆ. ಇಲ್ಲಿ ಹೊರಗೆ ಹೋದದ್ದು ಸತ್ತಿಲ್ಲ, ಕಡಿಸಿಕೊಂಡೂ ಇಲ್ಲ, ಇನ್ನೊಬ್ಬರ ಕಣಜದಲ್ಲಿದೆ. ತುಳುನಾಡಿನಲ್ಲಿ ಇದೇ ಚೆನ್ನೆಮಣೆ, ಆಟಿ ತಿಂಗಳ ಮಳೆಯಲ್ಲಿ ಮನೆಯೊಳಗೆ ಆಡುವ ಆಟ. ಅಲ್ಲಿನ ಸಿರಿ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಚೆನ್ನೆಯಾಡುತ್ತಾ ಜಗಳಕ್ಕೆ ಬಿದ್ದು, ಒಬ್ಬಳು ಇನ್ನೊಬ್ಬಳನ್ನು ಮಣೆಯಿಂದಲೇ ಹೊಡೆದು ಕೊಂದು, ತಾನೂ ಬಾವಿಗೆ ಹಾರುತ್ತಾಳೆ. ಸುತ್ತು ಮುಗಿದರೆ ಬೀಜಗಳು ಗುಳಿಗೆ ಮರಳುತ್ತವೆ, ಅಕ್ಕತಂಗಿಯರು ಮರಳುವುದಿಲ್ಲ. ಕೇಳುವವರನ್ನು ಆ ಕಥೆ ಇಂದಿಗೂ ಅಲ್ಲಾಡಿಸುವುದಕ್ಕೆ ಈ ಅಂತರವೂ ಒಂದು ಕಾರಣವಿರಬೇಕು.

ಗೊತ್ತಾದ ಅವಧಿಯ ನಂತರ ಮರಳುವುದು ಎಂದರೆ ಕನ್ನಡದ ಓದುಗರಿಗೆ ನೆನಪಾಗುವುದು ಮಹಾಭಾರತ. ಹಳಗನ್ನಡದಲ್ಲಿ ನೆತ್ತ ಎನ್ನುತ್ತಿದ್ದ ದಾಳದಾಟ ಅದು. ಎರಡನೆಯ ಸಲದ ಜೂಜಿಗೆ ಒಂದೇ ಪಣ: ಸೋತವರು ಹನ್ನೆರಡು ವರ್ಷ ಕಾಡಿಗೆ, ಹದಿಮೂರನೆಯ ವರ್ಷ ಯಾರಿಗೂ ಗೊತ್ತಾಗದಂತೆ ಊರಲ್ಲಿ. ಗೊತ್ತಾದರೆ ಮತ್ತೆ ಹನ್ನೆರಡು. ಎಕ್ಸೈಲ್ ಎಂಬ ಪದಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ಬೇಕೇ? ವಿರಾಟನ ಗೋವುಗಳ ಯುದ್ಧದಲ್ಲಿ ಅರ್ಜುನ ಕಾಣಿಸಿಕೊಂಡಾಗ ಅವಧಿ ಮುಗಿದಿಲ್ಲ ಎಂದು ದುರ್ಯೋಧನನ ಕಡೆಯವರ ತಕರಾರು. ಭೀಷ್ಮ ಲೆಕ್ಕ ಹಾಕುತ್ತಾನೆ. ಐದು ವರ್ಷಕ್ಕೆ ಎರಡು ಅಧಿಕ ಮಾಸ, ಹಾಗೆ ನೋಡಿದರೆ ಹದಿಮೂರು ವರ್ಷ ಮುಗಿದು ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚೇ ಆಗಿದೆ ಎನ್ನುತ್ತಾನೆ. ಎಣಿಕೆಯನ್ನು ದುರ್ಯೋಧನ ಒಪ್ಪಲಿಲ್ಲ. ಹೊರಗೆ ಹೋದ ಕಾಯಿ ಮತ್ತೆ ಬರಬಹುದೇ ಎಂಬ ನಿಯಮದ ಜಗಳವೂ ಕುರುಕ್ಷೇತ್ರದ ಕಾರಣಗಳಲ್ಲಿ ಒಂದು. ಆಡುವ ಮೊದಲೇ ನಿಯಮ ಮಾತಾಡಿಕೊಂಡರೂ, ಎಣಿಸುವ ಬಗೆಯನ್ನು ಮಾತಾಡಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಹಾಗಾದರೆ ಎಲ್ಲವನ್ನೂ ಬರೆದಿಟ್ಟುಬಿಟ್ಟರೆ ಜಗಳ ಮುಗಿಯುವುದಿಲ್ಲವೇ? ಜಗಳವೇನೋ ಮುಗಿಯುತ್ತದೆ. ಅದರ ಜೊತೆಗೆ ಬೇರೆ ಕೆಲವೂ ಮುಗಿಯುತ್ತವೆ. ಚದುರಂಗವನ್ನೇ ತೆಗೆದುಕೊಳ್ಳಿ. ಈಗಿನ ಅಂತರರಾಷ್ಟ್ರೀಯ ನಿಯಮದಲ್ಲಿ ಪದಾತಿ ಕೊನೆಯ ಸಾಲು ಮುಟ್ಟಿದರೆ ರಾಣಿಯಾಗಬಹುದು, ಮೊದಲಿನ ರಾಣಿ ಹಾಸಿನ ಮೇಲೇ ಇದ್ದರೂ ಸರಿ. ನಮ್ಮ ದೇಶೀ ಪದ್ಧತಿಗಳು ಇಷ್ಟು ಉದಾರವಾಗಿರಲಿಲ್ಲ. ಪದಾತಿ ತಲುಪಿದ ಮನೆಯ ಮೂಲ ಕಾಯಿ ಯಾವುದೋ ಆ ಪದವಿಯೇ ಅದಕ್ಕೆ, ಆನೆಯ ಮನೆ ಸೇರಿದರೆ ಆನೆ, ಕುದುರೆಯ ಮನೆ ಸೇರಿದರೆ ಕುದುರೆ. ಕೆಲವು ಕಡೆ ಅಂಥ ಕಾಯಿಯೊಂದು ಮೊದಲೇ ಸತ್ತಿದ್ದರೆ ಮಾತ್ರ ಬಡ್ತಿ, ಇಲ್ಲದಿದ್ದರೆ ಕಾಯಬೇಕು. ಅಂದರೆ ಅದು ಬಡ್ತಿಯಲ್ಲ, ಸತ್ತವನ ಜಾಗ ತುಂಬುವುದು. 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಕೂಡ ಹೊರಗೆ ಹೋದ ಕಾಯಿಯನ್ನಷ್ಟೇ ಮರಳಿ ಪಡೆಯಬಹುದು ಎಂಬ ಪಕ್ಷದವನಾಗಿದ್ದ. ನಿಯಮಗಳು ಒಂದಾದಾಗ ಅಲ್ಲೂ ಇಲ್ಲೂ ಆ ಪಕ್ಷ ಸೋತಿತು.

ಕಬಡ್ಡಿಯಲ್ಲಿ ಆದದ್ದೂ ಅದೇ. ಒಂದು ಕಾಲಕ್ಕೆ ಅದರಲ್ಲಿ ಮೂರು ಪದ್ಧತಿಗಳಿದ್ದವು. ಸಂಜೀವಿನಿಯಲ್ಲಿ ಎದುರಾಳಿ ಔಟಾದಂತೆ ನಮ್ಮವನೊಬ್ಬ ಮರುಜೀವ ಪಡೆದು ಒಳಗೆ ಬರುತ್ತಾನೆ. ಗಾಮಿನಿಯಲ್ಲಿ ಹೋದವನು ಹೋದ, ಇಡೀ ತಂಡ ಔಟಾಗುವವರೆಗೆ ಹೊರಗೇ. ಅಮರ್ ಪದ್ಧತಿಯಲ್ಲಿ ಔಟಾದವನು ಹೊರಗೆ ಹೋಗುವುದೇ ಇಲ್ಲ, ಅಂಕ ಮಾತ್ರ ಬರೆದುಕೊಳ್ಳುತ್ತಾರೆ. ಸತ್ತು ಹುಟ್ಟುವವನು, ಸತ್ತೇ ಹೋಗುವವನು, ಸಾವಿಲ್ಲದವನು. ಒಂದೇ ಆಟಕ್ಕೆ ಮೂರು ದರ್ಶನ! ಇವತ್ತು ಟೀವಿಯಲ್ಲಿ ನಾವು ನೋಡುವ ಕಬಡ್ಡಿ ಸಂಜೀವಿನಿಯ ದಾರಿಯದು. ಉಳಿದೆರಡರ ಹೆಸರು ಈಗ ದೈಹಿಕ ಶಿಕ್ಷಣದ ಪುಸ್ತಕಗಳಲ್ಲಿ ಉಳಿದಿದೆ.

ನಾಲ್ಕನೆಯದೊಂದು ಉತ್ತರವಿದೆ. ಅದು ಎಲೆಯಾಟದ್ದು, ಹಾಗಾಗಿ ಹುಡುಗರ ಕಾರ್ಡುಗಳಿಗೆ ಹೆಚ್ಚು ಹತ್ತಿರದ್ದು. ಮೊಗಲರ ಜೊತೆಗೆ ಬಂದ ಗಂಜೀಫಾ ನಮ್ಮಲ್ಲಿ ದಶಾವತಾರದ ಎಲೆಗಳಾಯಿತು. ಹತ್ತು ಅವತಾರ, ಒಂದೊಂದಕ್ಕೆ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಎಲೆ, ಒಟ್ಟು 120. ಅರ್ಧ ಬಣ್ಣಗಳಲ್ಲಿ ಹತ್ತು ದೊಡ್ಡದು, ಇನ್ನರ್ಧದಲ್ಲಿ ಒಂದೇ ದೊಡ್ಡದು. ಆಡಿದ ಎಲೆ ಮತ್ತೆ ಬರುವುದಿಲ್ಲ. ಆದರೆ ಹೋದ ಎಲೆ ಉಳಿದ ಎಲೆಗಳ ಬೆಲೆ ಬದಲಿಸಿ ಹೋಗುತ್ತದೆ. ರಾಜ ಹೋದರೆ ಮಂತ್ರಿಯದೇ ಹುಕುಂ. ಮಂತ್ರಿಯೂ ಹೋದರೆ ಕೈಯಲ್ಲಿರುವ ಬಡ ಎಲೆಯೊಂದು ಇದ್ದಕ್ಕಿದ್ದಂತೆ ಆಳತೊಡಗುತ್ತದೆ. ಯಾವ್ಯಾವುದು ಹೋಯಿತು ಎಂಬುದನ್ನು ತಲೆಯಲ್ಲಿ ಇಟ್ಟುಕೊಂಡವರೇ ಗೆಲ್ಲುವುದು. 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಎಂದು ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತೇವಲ್ಲ, ಗಂಜೀಫಾದ ಹೋದ ಎಲೆ ಅದರ ತಿರುವುಮುರುವು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈ ಆಟಕ್ಕೆ ಕನ್ನಡನಾಡಿನಲ್ಲಿ ಸಿಕ್ಕ ದೊಡ್ಡ ಆಶ್ರಯದಾತ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು. ಅವರು ರೂಪಿಸಿದ 'ಚದ' ಎಂಬ ಎಲೆಯಾಟಗಳಲ್ಲಿ ಕೆಲವಕ್ಕೆ 360 ಎಲೆಗಳವರೆಗೂ ಬೇಕು. ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳಲ್ಲಿ ಆಟದ ಹಾಸುಗಳ ಚಿತ್ರಗಳಿವೆ. ಅವರ ಬದುಕನ್ನು ಈ ಆಟಗಳ ಪಕ್ಕದಲ್ಲಿಟ್ಟು ನೋಡದಿರುವುದು ಕಷ್ಟ. ಹೈದರ್, ಟಿಪ್ಪುವಿನ ಕಾಲದಲ್ಲಿ ಹಿಂದೆ ಸರಿದಿದ್ದ ಮನೆತನ 1799ರಲ್ಲಿ ಐದು ವರ್ಷದ ಹುಡುಗನಾಗಿ ಅವರನ್ನು ಸಿಂಹಾಸನಕ್ಕೆ ಕೊಟ್ಟಿತು. 1831ರಲ್ಲಿ ಬೆಂಟಿಂಕ್ ಆಡಳಿತವನ್ನು ಕಸಿದುಕೊಂಡ. ದೊರೆ ಅರಮನೆಯಲ್ಲೇ ಇದ್ದರು, ರಾಜ್ಯ ಕಮಿಷನರುಗಳ ಕೈಯಲ್ಲಿತ್ತು. ಹಾಸಿನ ಮೇಲಿದ್ದೂ ನಡೆಯಲಾರದ ಕಾಯಿ. ರಾಜ್ಯವನ್ನು ಮರಳಿ ಕೊಡಿ ಎಂದು ಅವರು ಬರೆಯುತ್ತಲೇ ಹೋದರು. 1865ರಲ್ಲಿ ದತ್ತು ತೆಗೆದುಕೊಂಡರು, 1867ರಲ್ಲಿ ಬ್ರಿಟಿಷರು ಅದಕ್ಕೆ ಒಪ್ಪಿದರು, 1868ರಲ್ಲಿ ಅವರು ತೀರಿಕೊಂಡರು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿತು. ಕಡಿದ ಕಾಯಿ ಮತ್ತೆ ಹೊರಟದ್ದು ಮುಂದಿನ ಕೈಯಲ್ಲಿ. ಅವರ ಆಟಗಳಿಗೆ ಇದೇ ಕಾರಣ ಎಂದು ನಾನು ವಾದಿಸುತ್ತಿಲ್ಲ. ಹೊರಗಿಟ್ಟವನಿಗೆ ನಿಯಮದ ಬಗ್ಗೆ ಯೋಚಿಸಲು ಬಿಡುವೂ ಕಾರಣವೂ ಇರುತ್ತದೆ ಎಂದಷ್ಟೇ.

ವಿಪರ್ಯಾಸವೆಂದರೆ, ಪುಸ್ತಕದಲ್ಲಿ ವಿವರವಾಗಿ ಬರೆದಿಟ್ಟ ಅವರ ಚದ ಆಟಗಳು ಅರಮನೆ ದಾಟಿ ಜನಪ್ರಿಯವಾಗಲಿಲ್ಲ. ಮೈಸೂರಿನ ಗಂಜೀಫಾ ಎಲೆಗಳು ಇಂದು ಕಲಾಕೃತಿಗಳಾಗಿ ಬದುಕಿವೆ. ಗಂಜೀಫಾ ರಘುಪತಿ ಭಟ್ಟರಂಥವರು ಆ ಚಿತ್ರಕಲೆಗೆ ಜೀವ ಕೊಟ್ಟರು, ಭೌಗೋಳಿಕ ಸೂಚ್ಯಂಕವೂ ಸಿಕ್ಕಿತು. ಎಲೆಗಳನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತೇವೆ, ಕೂತು ಆಡುವವರು ಎಲ್ಲೋ ಅಪರೂಪ. ಬರೆದಿಡದ ಚೌಕಾಬಾರ ಮಾತ್ರ ಜಗುಲಿಯ ಮೇಲೆ ಮೊನ್ನೆ ಮೊನ್ನೆಯವರೆಗೂ ಉಳಿದುಬಂತು.

ಮೊನ್ನೆಯವರೆಗೂ ಎಂದೆ. ನನಗೆ ಆತಂಕ ಇರುವುದು ಇಲ್ಲೇ. ಹಂಪಿಯ ಮಂಟಪಗಳ ನೆಲಹಾಸಿನ ಮೇಲೆ ಹುಲಿ-ಕುರಿಯ ಗೆರೆಗಳು, ಅಳಗುಳಿಯ ಕುಳಿಗಳು ಇಂದಿಗೂ ಕಾಣುತ್ತವೆ. ಹಳೆಯ ಗುಡಿಗಳ ಕಲ್ಲುಗಳ ಮೇಲೆ ಇಂಥವನ್ನು ಹುಡುಕಿ ದಾಖಲಿಸುವವರಿದ್ದಾರೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು 'ಕ್ರೀಡಾಕೌಶಲ್ಯ' ಎಂಬ ಪ್ರದರ್ಶನಗಳ ಮೂಲಕ ಹಾಸುಗಳನ್ನೂ ಕಾಯಿಗಳನ್ನೂ ಮತ್ತೆ ಜನರ ಕೈಗೆ ಕೊಟ್ಟಿದ್ದಾರೆ. ಇವೆಲ್ಲ ದೊಡ್ಡ ಕೆಲಸ. ಆದರೆ ಕಲ್ಲಿನ ಮೇಲಿನ ಗೆರೆ ಕಾಯಿ ಎಲ್ಲಿ ಕೂರುತ್ತದೆ ಎಂದು ಹೇಳಬಲ್ಲದೇ ಹೊರತು, ಎದ್ದ ಕಾಯಿ ಎಲ್ಲಿಗೆ ಹೋಯಿತು ಎಂದು ಹೇಳಲಾರದು. ಒಂದೇ ಗೆರೆಯ ಮೇಲೆ ಸಾಯುವ ಆಟವನ್ನೂ ಆಡಬಹುದು, ಕಡಿಯುವ ಆಟವನ್ನೂ ಆಡಬಹುದು. ಸತ್ತ ಕುರಿಗಳ ಗುಂಪು ಯಾವ ಕಲ್ಲಿನ ಮೇಲೂ ಗುರುತು ಬಿಟ್ಟಿಲ್ಲ. ಆ ನಿಯಮ ಇದ್ದದ್ದು, ಇರುವುದು ಮಾತಿನಲ್ಲಿ, 'ನಮ್ಮನೇಲಿ ಹಿಂಗೆ' ಎಂದು ಆಟಕ್ಕೆ ಮುಂಚೆ ಆಡುವ ಆ ನಾಲ್ಕು ಮಾತಿನಲ್ಲಿ. ಚೌಕಾಬಾರದ ಮೊಬೈಲ್ ಆಟಗಳು ಬಂದಿವೆ. ಅವುಗಳಲ್ಲಿ ಹಾಗೆ ಮಾತಾಡಿಕೊಳ್ಳುವ ಅವಕಾಶವಿಲ್ಲ. ಯಾರೋ ಆಯ್ದ ಒಂದು ನಿಯಮ ಎಲ್ಲರ ನಿಯಮವಾಗುತ್ತದೆ. ಗಾಮಿನಿ, ಅಮರ್ ಹೋದ ದಾರಿಯಲ್ಲಿ ಉಳಿದ ಮನೆಗಳ ನಿಯಮಗಳೂ ಹೋಗುತ್ತವೆ.

ಹಾಗಾಗಿ ಈಗ ಊರಿಗೆ ಹೋದಾಗಲೆಲ್ಲ ಹಿರಿಯರನ್ನು ಕೇಳುವ ಪ್ರಶ್ನೆ ಬದಲಾಗಿದೆ. ಏನು ಆಡುತ್ತಿದ್ದಿರಿ ಎಂದು ಕೇಳುತ್ತಿದ್ದವಳು ಈಗ ಕೇಳುವುದು, ಹೋದ ಕಾಯಿಯನ್ನು ಏನು ಮಾಡುತ್ತಿದ್ದಿರಿ ಎಂದು. ಈ ಪ್ರಶ್ನೆಗೆ ಯಾರೂ ಒಂದೇ ಮಾತಿನಲ್ಲಿ ಉತ್ತರಿಸುವುದಿಲ್ಲ. ಗಂಡನ ಮನೆಯಲ್ಲಿ ಒಂದು ಥರ, ತವರಲ್ಲಿ ಇನ್ನೊಂದು ಥರ ಎಂದು ಶುರುವಾಗುತ್ತದೆ. ಮದುವೆಯಾಗಿ ಬಂದ ವರ್ಷ ಯಾವ ನಿಯಮಕ್ಕೆ ತಾನು ಒಪ್ಪಬೇಕಾಯಿತು, ಯಾವುದನ್ನು ಹಟ ಹಿಡಿದು ಉಳಿಸಿಕೊಂಡೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಬಳೆಚೂರುಗಳು ಊರಿಂದೂರಿಗೆ ಹೋದದ್ದು ಹೇಗೆಂದು ಯಾವ ಶಾಸನವೂ ಹೇಳುವುದಿಲ್ಲ. ಈ ಹೆಂಗಸರು ಹೇಳುತ್ತಾರೆ.

ಅಂದು ಜಗುಲಿಯ ಮೇಲೆ ಹುಡುಗರ ಜಗಳ ಮುಗಿದದ್ದು ಹೀಗೆ. ನಾನು 2009ರ ನಿಯಮವನ್ನು ವಿವರಿಸಿದೆ, ಅದು ಗಡೀಪಾರು, ಹೊರಗಲ್ಲ ಎಂದೆ. ಹಳೆಯ ನಿಯಮದವನ ಮುಖ ಬಾಡಿತು. ಅಜ್ಜಿ ಗರ ಹಾಕುತ್ತಾ, ತಲೆಯೆತ್ತದೆ, "ಈ ಆಟ ಹಳೇದರಂತೆ ಮುಗಿಸಿ, ಮುಂದಿನ ಆಟ ಹೊಸದರಂತೆ ಆಡಿ" ಎಂದರು. ಆಮೇಲೆ ನಾಲ್ಕು ಕವಡೆಯೂ ಮಗುಚಿ ಬಿದ್ದವು. ಎಂಟು. ಪಕ್ಕದ ಮನೆಯವರ ಕಾಯಿಯೊಂದು ಮನೆಗೆ ಹೋಯಿತು.